ತಡವಾಗಿ ಬರುವ ನೀರು, ಬದಲಾಗುವ ಕಾಲುವೆ: ಗೇಟಿನ ಕಂಟ್ರೋಲರ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ತೂಬು ಎತ್ತಿದ ತಕ್ಷಣ ಕೊನೆಯ ಹೊಲಕ್ಕೆ ನೀರು ಬರುವುದಿಲ್ಲ. ನೀರುಗಂಟಿಗೆ ಇದು ಚೆನ್ನಾಗಿ ಗೊತ್ತು. ಆತ ತೂಬು ಎತ್ತುತ್ತಾನೆ, ಕಾಯುತ್ತಾನೆ, ಮಟ್ಟ ನೋಡುತ್ತಾನೆ, ಆಮೇಲೆ ಮತ್ತೆ ಕೈ ಹಾಕುತ್ತಾನೆ. ಅದೇ ಕೆಲಸವನ್ನು ಮೋಟರು, ಸೆನ್ಸರು, ಪಿಎಲ್‌ಸಿಗೆ (ಗೇಟಿನ ಮೋಟರು ನಡೆಸುವ ಚಿಕ್ಕ ಕಂಪ್ಯೂಟರಿಗೆ) ಕೊಟ್ಟಾಗ ಆ ಕಾಯುವ ತಾಳ್ಮೆಯನ್ನು ನಾವೇ ಲೆಕ್ಕ ಹಾಕಿ ತುಂಬಬೇಕು. ತುಂಬದಿದ್ದರೆ ಗೇಟು ಏರುತ್ತ ಇಳಿಯುತ್ತ ಇರುತ್ತದೆ. ಟೇಲೆಂಡ್ ರೈತರಿಗೆ ಒಂದು ಗಂಟೆ ನೀರು ಉಕ್ಕುತ್ತದೆ, ಮುಂದಿನ ಗಂಟೆ ಬರೀ ಕೆಸರು. ನಾರಾಯಣಪುರ ಎಡದಂಡೆ ಕಾಲುವೆಯಂಥ ಕಡೆ ಸ್ಕಾಡಾ, ಅಂದರೆ ದೂರದಿಂದಲೇ ಗೇಟು ನೋಡಿ ನಡೆಸುವ ವ್ಯವಸ್ಥೆ, ಬಂದಿರುವ ಕಾಲ ಇದು. ಈ ಲೆಕ್ಕ ನಮ್ಮ ಹುಡುಗ ಹುಡುಗಿಯರಿಗೆ ಕನ್ನಡದಲ್ಲೇ ಸಿಗಬೇಕು ಅನ್ನುವುದು ನನ್ನ ಆಸೆ.

ಕಾಲುವೆಯಲ್ಲಿ ಮೂರು ತೊಡಕು ಒಟ್ಟಿಗೆ ಬರುತ್ತವೆ. ನೀರು ತಡವಾಗಿ ತಲುಪುತ್ತದೆ. ಹೂಳು, ಜೊಂಡು, ಮಳೆಯಿಂದಾಗಿ ಕಾಲುವೆಯ ಅಳತೆಗಳು ನಿಖರವಾಗಿ ಗೊತ್ತಿರುವುದಿಲ್ಲ. ಹರಿವು ಜಾಸ್ತಿ ಇದ್ದಾಗ ಕಾಲುವೆ ಒಂದು ಥರ ನಡೆದುಕೊಳ್ಳುತ್ತದೆ, ಕಡಿಮೆ ಇದ್ದಾಗ ಇನ್ನೊಂದು ಥರ. ವಾರಬಂದಿ (ಸರದಿಯ ಮೇಲೆ ನೀರು ಬಿಡುವ ಪದ್ಧತಿ) ಬದಲಾದ ಹಾಗೆ ಈ ನಡತೆಯೂ ಬದಲಾಗುತ್ತದೆ. ಕಂಟ್ರೋಲ್ ಶಾಸ್ತ್ರದವರು ಇಂಥದ್ದನ್ನು ತಡ ಇರುವ ಅನಿಶ್ಚಿತ ಸ್ವಿಚ್ಡ್ ಸಿಸ್ಟಮ್ ಅನ್ನುತ್ತಾರೆ. ಹೆಸರು ಉದ್ದ. ಆದರೆ ಮೊದಲ ಅರ್ಧ ಕೆಲಸಕ್ಕೆ ಕ್ಯಾಲ್ಕುಲೇಟರ್ ಸಾಕು.

ಹಂತ 1: ಕಾಲುವೆಯನ್ನು ಎರಡು ಅಂಕಿಗೆ ಇಳಿಸಿ

ಎರಡು ಗೇಟುಗಳ ನಡುವಿನ ಒಂದು ತುಂಡು ತೆಗೆದುಕೊಳ್ಳೋಣ. ಮೇಲಿನ 3 ಕಿಲೋಮೀಟರಿನಲ್ಲಿ ನೀರು ಹರಿಯುತ್ತಿರುತ್ತದೆ. ಕೆಳಗಿನ 800 ಮೀಟರು ಗೇಟಿಗೆ ತಾಗಿ ನಿಂತ ಹಿನ್ನೀರು. ಅಗಲ 6 ಮೀಟರಿಗಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಹಿನ್ನೀರಿನ ಮೇಲ್ಮೈ ಸುಮಾರು 5000 ಚದರ ಮೀಟರು. ಇದನ್ನು ಹರವು ಅನ್ನೋಣ.

ಮೇಲಿನ ಭಾಗ ಮಾಡುವುದು ಒಂದೇ ಕೆಲಸ: ನೀರನ್ನು ತಡವಾಗಿ ತಲುಪಿಸುವುದು. ಕೆಳಗಿನ ಭಾಗ ಒಂದು ತೊಟ್ಟಿ ಇದ್ದ ಹಾಗೆ: ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದು, ಹರವಿನಿಂದ ಭಾಗಿಸಿದರೆ ಮಟ್ಟ ಏರುವ ವೇಗ ಸಿಗುತ್ತದೆ. ತಡ ಮತ್ತು ಹರವು, ಎರಡೇ ಅಂಕಿ. ಕಾಲುವೆ ನಿಯಂತ್ರಣದಲ್ಲಿ ಎಷ್ಟೋ ವರ್ಷದಿಂದ ಬಳಕೆಯಲ್ಲಿರುವ ಮಾದರಿ ಇದು. ಇದಕ್ಕಿಂತ ದೊಡ್ಡ ಮಾದರಿಯಿಂದ ಶುರು ಮಾಡಬೇಡಿ.

ಹಂತ 2: ತಡವನ್ನು ಅಳೆಯಿರಿ

ಮೊದಲು ಅಂದಾಜು. ನಿಂತ ನೀರಿನಲ್ಲಿ ಅಲೆಯ ವೇಗ ಬೇಕಾದರೆ 9.81ನ್ನು ಆಳದಿಂದ ಗುಣಿಸಿ, ಬಂದ ಗುಣಲಬ್ಧದ ವರ್ಗಮೂಲ ತೆಗೆಯಿರಿ. ಅದಕ್ಕೆ ನೀರಿನ ವೇಗ ಕೂಡಿಸಿ. ಆಳ 1.5 ಮೀಟರು, ನೀರಿನ ವೇಗ ಸೆಕೆಂಡಿಗೆ 0.7 ಮೀಟರು ಇದ್ದರೆ ಒಟ್ಟು ಸುಮಾರು 4.5. ಅಂದರೆ 3 ಕಿಲೋಮೀಟರಿಗೆ 660 ಸೆಕೆಂಡು. ಆಳ 0.9ಕ್ಕೆ, ವೇಗ 0.5ಕ್ಕೆ ಇಳಿದರೆ ಒಟ್ಟು 3.5ರ ಹತ್ತಿರ, ತಡ ಸುಮಾರು 865 ಸೆಕೆಂಡು. ನೋಡಿದ್ರಾ, ಹರಿವು ಇಳಿದರೆ ತಡ ಏರುತ್ತದೆ.

ಈಗ ಕಾಲುವೆಗೆ ಹೋಗಿ. ಕೆಳಗಿನ ಗೇಟನ್ನು ಮುಟ್ಟಬೇಡಿ. ಮಟ್ಟ ಅಲುಗದೆ ನಿಂತಿರುವಾಗ ಮೇಲಿನ ಗೇಟನ್ನು ಒಂದೇ ಸಲ ಸ್ವಲ್ಪ ಎತ್ತಿ, ಗಡಿಯಾರ ನೋಡಿ. ಕೆಳಗಿನ ಅಳತೆಪಟ್ಟಿಯ ಹತ್ತಿರ ಒಬ್ಬರು ನಿಂತು ಪ್ರತಿ 30 ಸೆಕೆಂಡಿಗೆ ಮಟ್ಟ ಬರೆದುಕೊಳ್ಳಲಿ. ಹತ್ತು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಅರ್ಧ ಸೆಂಟಿಮೀಟರು, ಒಂದು, ಒಂದೂವರೆ. ಗಾಳಿಗೆ ನೀರು ತುಳುಕುತ್ತಿದ್ದರೆ ಪಟ್ಟಿಯ ಸುತ್ತ ತೂತು ಕೊರೆದ ಪೈಪು ಇಳಿಸಿ, ಅದರೊಳಗಿನ ಮಟ್ಟ ಓದಿ. ಗ್ರಾಫಿನಲ್ಲಿ ಏರುವ ಗೆರೆಯನ್ನು ಹಿಂದಕ್ಕೆ ಎಳೆಯಿರಿ. ಅದು ಹಳೆಯ ಮಟ್ಟವನ್ನು ಮುಟ್ಟುವ ಜಾಗವೇ ತಡ. ಗೆರೆಯ ಇಳಿಜಾರಿನಿಂದ ಹರವೂ ಸಿಗುತ್ತದೆ: ಹೆಚ್ಚಿಸಿದ ಹರಿವನ್ನು ಮಟ್ಟ ಏರುವ ವೇಗದಿಂದ ಭಾಗಿಸಿ.

ಇದನ್ನು ಬೇರೆ ಬೇರೆ ದಿನ, ಎರಡೂ ಹರಿವಿನಲ್ಲಿ ಮಾಡಿ. ಅಂದಾಜಿಗೂ ಅಳತೆಗೂ ಹೊಂದದಿದ್ದರೆ ಅಳತೆಯನ್ನೇ ನಂಬಿ. ಈ ಹಂತಕ್ಕೆ ಕೊಟ್ಟ ಸಮಯ ಮುಂದಿನ ಯಾವ ಗಣಿತಕ್ಕಿಂತಲೂ ಜಾಸ್ತಿ ಲಾಭ ಕೊಡುತ್ತದೆ.

ಹಂತ 3: ಮೂಲೆಗಳನ್ನು ಬರೆದಿಡಿ

ಸರಾಸರಿ ಬೇಡ, ಮಿತಿ ಬೇಕು. ಕಾಲುವೆ ನಡೆದುಕೊಳ್ಳುವ ಒಂದೊಂದು ಥರಕ್ಕೂ ಮೋಡ್ ಅನ್ನೋಣ. ನಮ್ಮ ಉದಾಹರಣೆಗೆ ಹೀಗಿರಲಿ:

ಹೆಚ್ಚು ಹರಿವಿನ ಮೋಡ್: ತಡ 600ರಿಂದ 700 ಸೆಕೆಂಡು.
ಕಡಿಮೆ ಹರಿವಿನ ಮೋಡ್: ತಡ 800ರಿಂದ 900 ಸೆಕೆಂಡು.
ಹರವು ಎರಡರಲ್ಲೂ 4000ರಿಂದ 6000 ಚದರ ಮೀಟರು.

ತಡ ಅತಿ ಹೆಚ್ಚು, ಹರವು ಅತಿ ಕಡಿಮೆ: ಇದು ಕೆಟ್ಟ ಮೂಲೆ. 900 ಮತ್ತು 4000. ಈ ಎರಡು ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಿ.

ಹಂತ 4: ತಡದಂಕ ಲೆಕ್ಕ ಹಾಕಿ

ಅತಿ ಸರಳ ಕಂಟ್ರೋಲರ್: ಮಟ್ಟ ಗುರಿಗಿಂತ ಎಷ್ಟು ಮೀಟರು ಮೇಲಿದೆಯೋ ಅದನ್ನು ಗೇನ್‌ನಿಂದ ಗುಣಿಸಿ, ಅಷ್ಟು ಒಳಹರಿವು ಕಡಿಮೆ ಮಾಡು. ಗೇನ್‌ನ ಅಳತೆ, ಒಂದು ಮೀಟರಿನ ತಪ್ಪಿಗೆ ಸೆಕೆಂಡಿಗೆ ಎಷ್ಟು ಘನ ಮೀಟರು ಅನ್ನುವುದು.

ಗೇನ್ ಗುಣಿಸು ತಡ, ಭಾಗಿಸು ಹರವು. ಈ ಅಂಕಿಗೆ ಇಲ್ಲಿ ತಡದಂಕ ಅಂತ ಹೆಸರಿಡೋಣ. ತಡ ಮತ್ತು ಹರವು ಬದಲಾಗದೆ ಇದ್ದರೆ ನಿಯಮ ಖಚಿತ: ತಡದಂಕ 1.571ಕ್ಕಿಂತ, ಅಂದರೆ ಪೈಯ ಅರ್ಧಕ್ಕಿಂತ, ಕಡಿಮೆ ಇದ್ದರೆ ಮಟ್ಟ ಗುರಿಗೆ ಮರಳುತ್ತದೆ. ಜಾಸ್ತಿ ಆದರೆ ತೂಗಾಟ ಬೆಳೆಯುತ್ತದೆ. ಸರಿಯಾಗಿ ಗಡಿಯಲ್ಲಿದ್ದಾಗ ಒಂದು ತೂಗಾಟಕ್ಕೆ ಹಿಡಿಯುವ ಹೊತ್ತು ತಡದ ನಾಲ್ಕರಷ್ಟು. 900 ಸೆಕೆಂಡು ತಡ ಇದ್ದರೆ ಸರಿಯಾಗಿ ಒಂದು ಗಂಟೆ. ಇದನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ತುಂಬಾ ಸಲ ನಡೆಯುವ ತಪ್ಪು ನೋಡಿ. ಗೇನ್ 9 ಇಟ್ಟಿದ್ದೇವೆ ಅಂದುಕೊಳ್ಳಿ. ಹೆಚ್ಚು ಹರಿವಿನ ಮಧ್ಯದ ಅಂಕಿ 650 ಮತ್ತು 5000 ಹಾಕಿದರೆ ತಡದಂಕ 1.17, ಪರವಾಗಿಲ್ಲ. ಕಡಿಮೆ ಹರಿವಿನ ಮಧ್ಯದ ಅಂಕಿ 850 ಹಾಕಿದರೆ 1.53. ಇದೂ ಗಡಿಯೊಳಗೇ ಇದೆ. ಎರಡೂ ಮೋಡ್ ಪಾಸಾಯಿತು ಅಂತ ಫೈಲು ಮುಚ್ಚುತ್ತಾರೆ. ಆದರೆ ಕೆಟ್ಟ ಮೂಲೆಯಲ್ಲಿ 9 ಗುಣಿಸು 900 ಭಾಗಿಸು 4000, ಅಂದರೆ 2.03. ಬೇಸಿಗೆಯಲ್ಲಿ ಹರಿವು ಇಳಿದು, ಹೂಳು ತುಂಬಿ ಹಿನ್ನೀರು ಚಿಕ್ಕದಾದ ವಾರ ಕಾಲುವೆ ಕುಣಿಯಲು ಶುರು ಮಾಡುತ್ತದೆ. ನೀರು ಅತಿ ಹೆಚ್ಚು ಬೇಕಾದ ವಾರವೂ ಅದೇ ಅಲ್ವಾ?

ಹಂತ 5: ಮೋಡ್ ಬದಲಾವಣೆಯನ್ನು ಒಳಗೆ ತನ್ನಿ

1.571ರ ನಿಯಮ ತಡ ಬದಲಾಗದಿದ್ದರೆ ಮಾತ್ರ. ನಮ್ಮಲ್ಲಿ ತಡ ಬದಲಾಗುತ್ತದೆ, ಹರವೂ ಬದಲಾಗುತ್ತದೆ, ಯಾವಾಗ ಅಂತ ಹೇಳಲಾಗುವುದಿಲ್ಲ. ಇಲ್ಲಿ ಒಂದು ಸುಂದರ ಫಲಿತಾಂಶ ಕೈ ಹಿಡಿಯುತ್ತದೆ. ರಷ್ಯನ್ ಗಣಿತಜ್ಞ ಮಿಷ್ಕಿಸ್ 1951ರಲ್ಲಿ ತೋರಿಸಿದ್ದು: ತಡ, ಮತ್ತು ಗೇನ್ ಭಾಗಿಸು ಹರವು, ಎರಡೂ ಮಿತಿಯೊಳಗೆ ಹೇಗೆ ಬೇಕಾದರೂ ಬದಲಾಗಲಿ, ಅತಿ ಕೆಟ್ಟ ತಡದಂಕ 1.5ಕ್ಕಿಂತ ಕಡಿಮೆ ಇದ್ದರೆ ಸಾಕು, ಮಟ್ಟ ಗುರಿಗೆ ಮರಳುತ್ತದೆ. ಗೇನ್ ಸೊನ್ನೆಗೆ ಇಳಿಯಬಾರದು, ಅದೊಂದೇ ಷರತ್ತು.

ಇದರ ಅರ್ಥ ಎಷ್ಟು ದೊಡ್ಡದು ನೋಡಿ. ಮೋಡ್ ಎಷ್ಟು ಸಲ ಬೇಕಾದರೂ ಬದಲಾಗಬಹುದು. ಕಂಟ್ರೋಲರ್‌ಗೆ ಈಗ ಯಾವ ಮೋಡ್ ಅಂತ ಗೊತ್ತಿರಬೇಕಿಲ್ಲ. ಅನಿಶ್ಚಿತತೆ, ತಡ, ಸ್ವಿಚಿಂಗ್ ಮೂರೂ ಒಂದೇ ಗುಣಾಕಾರದಲ್ಲಿ ಮುಗಿದವು. 1.571ರಿಂದ 1.5ಕ್ಕೆ ಇಳಿದದ್ದು ಸ್ವಿಚಿಂಗ್‌ಗೆ ಕೊಟ್ಟ ಬೆಲೆ, ಅಷ್ಟೇ. ನಮ್ಮ ಕಾಲುವೆಗೆ ಗೇನ್ 1.5 ಗುಣಿಸು 4000 ಭಾಗಿಸು 900, ಅಂದರೆ 6.67ರ ಒಳಗಿರಬೇಕು.

ಪ್ರತಿ ಮೋಡ್‌ಗೂ ಬೇರೆ ಕಂಟ್ರೋಲರ್ ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಅದಕ್ಕೂ ಮೊದಲು ಎಲ್ಲ ಮೋಡ್‌ಗೂ ಒಂದೇ ಗೇನ್ ಸಾಕಾಗುತ್ತದಾ ನೋಡಿ. ಸಾಕಾದರೆ ಅದನ್ನೇ ಇಡಿ. ರಾತ್ರಿ ಎರಡು ಗಂಟೆಗೆ ಸೆನ್ಸರು ಕೆಟ್ಟು ತಪ್ಪು ಮೋಡ್ ತೋರಿಸಿದರೂ ಅದು ಕಾಲುವೆಯನ್ನು ಹಿಡಿದಿಡುತ್ತದೆ.

ಹಂತ 6: ಗೇನ್ ಆರಿಸಿ

6.67 ಅನ್ನುವುದು ಕಮರಿಯ ಅಂಚು. ಅಂಚಿನ ಮೇಲೆ ಮನೆ ಕಟ್ಟಬಾರದು. ಅಲ್ಲಿ ಸ್ಥಿರತೆ ಇದೆ, ಆದರೆ ತೂಗಾಟ ನಿಲ್ಲಲು ದಿನಗಟ್ಟಲೆ ಬೇಕು. ಇನ್ನೊಂದು ತುದಿಯಲ್ಲಿ ತಡದಂಕ 0.368 ಇದೆ. ಸ್ಥಿರ ತಡಕ್ಕೆ ಅದರೊಳಗಿದ್ದರೆ ಮಟ್ಟ ತೂಗಾಡದೆ ಗುರಿಗೆ ಬರಬಲ್ಲದು, ಆದರೆ ನಿಧಾನ.

ನಾನು ಕೆಟ್ಟ ಮೂಲೆಯಲ್ಲಿ ತಡದಂಕ 0.5ರ ಹತ್ತಿರ ಇಡುತ್ತೇನೆ. ಕಂಟ್ರೋಲ್ ತಜ್ಞ ಸ್ಕೋಗೆಸ್ಟಾಡ್ 2003ರಲ್ಲಿ ಪ್ರಕಟಿಸಿದ ಟ್ಯೂನಿಂಗ್ ನಿಯಮವೂ ಇಂಥ ತೊಟ್ಟಿಗೆ ಇದೇ ಅಂಕಿ ಕೊಡುತ್ತದೆ. ಹಾಗಾದರೆ ಗೇನ್ 2.2. ಕೆಟ್ಟ ಮೂಲೆಯ ತಡದಂಕ 0.495, ಫೇಸ್ ಮಾರ್ಜಿನ್, ಅಂದರೆ ತೂಗಾಟ ಬೆಳೆಯುವ ಅಂಚಿಗೆ ಇನ್ನೂ ಉಳಿದಿರುವ ಅಂತರ, 61 ಡಿಗ್ರಿ ದಾಟುತ್ತದೆ.

ಹಂತ 7: ಇಂಟೆಗ್ರಲ್ ಸೇರಿಸಿ, ಮತ್ತೆ ಪರೀಕ್ಷಿಸಿ

ಯಾರೋ ಮಧ್ಯದ ತೂಬಿನಿಂದ ಸೆಕೆಂಡಿಗೆ 0.5 ಘನ ಮೀಟರು, ಅಂದರೆ ಸುಮಾರು 18 ಕ್ಯುಸೆಕ್ ತೆಗೆದರೆ ಮಟ್ಟ 0.5 ಭಾಗಿಸು 2.2, ಅಂದರೆ 23 ಸೆಂಟಿಮೀಟರು ಇಳಿದು ಅಲ್ಲೇ ನಿಲ್ಲುತ್ತದೆ. ಸ್ಥಿರವಾಗಿದೆ, ಆದರೆ ತಪ್ಪು ಜಾಗದಲ್ಲಿ. ಟೇಲೆಂಡಿನವರಿಗೆ 23 ಸೆಂಟಿಮೀಟರು ಸಣ್ಣ ಮಾತಲ್ಲ. ತೆಗೆಯುವ ಹೊತ್ತು ಮೊದಲೇ ಗೊತ್ತಿದ್ದರೆ ಮೇಲಿನ ಗೇಟನ್ನು ಒಂದು ತಡದಷ್ಟು ಮುಂಚೆಯೇ ಎತ್ತಿಬಿಡಿ, ಇದಕ್ಕೆ ಸಮನಾದ ಉಪಾಯ ಇಲ್ಲ. ಗೊತ್ತಿಲ್ಲದ ಬಳಕೆಗೆ ಇಂಟೆಗ್ರಲ್ ಬೇಕು: ತಪ್ಪನ್ನು ಹೊತ್ತಿನುದ್ದಕ್ಕೂ ಕೂಡಿಡುತ್ತ ಹೋಗಿ, ಆ ಮೊತ್ತಕ್ಕೆ ತಕ್ಕಂತೆ ಒಳಹರಿವನ್ನು ತಿದ್ದುವ ಭಾಗ.

ಕೂಡಿಟ್ಟ ತಪ್ಪನ್ನು ಗೇನ್‌ನಿಂದ ಗುಣಿಸಿ ಇಂಟೆಗ್ರಲ್ ಸಮಯದಿಂದ ಭಾಗಿಸುತ್ತೇವೆ. ಆ ಇಂಟೆಗ್ರಲ್ ಸಮಯ ತಡದ ಎಂಟರಷ್ಟು ಇಡಿ: 7200 ಸೆಕೆಂಡು, ಎರಡು ಗಂಟೆ. ಆಗ ಕೆಟ್ಟ ಮೂಲೆಯ ಫೇಸ್ ಮಾರ್ಜಿನ್ ಸುಮಾರು 47 ಡಿಗ್ರಿಗೆ ಇಳಿಯುತ್ತದೆ. ಇನ್ನೊಂದು ಮೂಲೆಯನ್ನೂ ನೋಡಿ. ಹರವು 6000 ಇದ್ದರೆ ತಡದ ತೊಂದರೆ ಕಡಿಮೆ, ಆದರೆ ಇಂಟೆಗ್ರಲ್‌ನ ತೊಂದರೆ ಜಾಸ್ತಿ. ಅಲ್ಲಿ ಸುಮಾರು 50 ಡಿಗ್ರಿ ಉಳಿಯುತ್ತದೆ. ಇಂಟೆಗ್ರಲ್ ಬಂದ ಮೇಲೆ ಕೆಟ್ಟ ಮೂಲೆ ಒಂದೇ ಅಂತ ನಂಬಬೇಡಿ, ಎಲ್ಲ ಮೂಲೆಯನ್ನೂ ಸುತ್ತಿ ಬನ್ನಿ. ಗೇಟು ಪೂರ್ತಿ ತೆರೆದಿದ್ದಾಗ ಅಥವಾ ಪೂರ್ತಿ ಮುಚ್ಚಿದ್ದಾಗ ಇಂಟೆಗ್ರಲ್ ಲೆಕ್ಕ ನಿಲ್ಲಬೇಕು. ಇದನ್ನು ಪ್ರೋಗ್ರಾಂನಲ್ಲಿ ಬರೆಯಲು ಮರೆಯಬೇಡಿ.

ಈಗ ಸ್ಥಿತಿ ಎರಡಾಯಿತು: ಮಟ್ಟ, ಮತ್ತು ಕೂಡಿಟ್ಟ ತಪ್ಪು. ಮಿಷ್ಕಿಸ್‌ನ 1.5 ಒಂದೇ ಸ್ಥಿತಿಗೆ. ಎರಡಾದ ತಕ್ಷಣ ಸ್ವಿಚಿಂಗ್‌ನ ನಿಜವಾದ ಅಪಾಯ ಶುರುವಾಗುತ್ತದೆ.

ಹಂತ 8: ಎರಡು ಒಳ್ಳೆಯ ಮೋಡ್ ಸೇರಿ ಕೆಡಿಸುವುದನ್ನು ಕಣ್ಣಾರೆ ನೋಡಿ

ತಡ ಇಲ್ಲದ ಒಂದು ಪ್ರಸಿದ್ಧ ಉದಾಹರಣೆ ಇದೆ. ಮೊದಲ ಮೋಡ್‌ನ ಮ್ಯಾಟ್ರಿಕ್ಸ್‌ನಲ್ಲಿ ಮೇಲಿನ ಸಾಲು −1, 10. ಕೆಳಗಿನ ಸಾಲು −100, −1. ಎರಡನೆಯದರಲ್ಲಿ ಮೇಲಿನ ಸಾಲು −1, 100. ಕೆಳಗಿನ ಸಾಲು −10, −1. ಎರಡರಲ್ಲೂ ಐಗನ್ ಮೌಲ್ಯಗಳ ರಿಯಲ್ ಭಾಗ −1. ಅದು ಸೊನ್ನೆಗಿಂತ ಕಡಿಮೆ ಇರುವುದರಿಂದ ಒಂಟಿಯಾಗಿ ಎರಡೂ ಸ್ಥಿರ.

ಪೆನ್ನು ಹಿಡಿದು ಗೆರೆ ಎಳೆಯಿರಿ. ಮೊದಲ ಮೋಡ್ ಉದ್ದುದ್ದ ನಿಂತ ಮೊಟ್ಟೆಯಾಕಾರದಲ್ಲಿ ಸುತ್ತುತ್ತದೆ, ಎರಡನೆಯದು ಅಡ್ಡ ಮಲಗಿದ ಮೊಟ್ಟೆಯಾಕಾರದಲ್ಲಿ. ಅಡ್ಡ ಅಕ್ಷದ ಮೇಲೆ 1ರಲ್ಲಿ ಶುರು ಮಾಡಿ ಮೊದಲ ಮೋಡ್ ಓಡಿಸಿದರೆ, ಕಾಲು ಸುತ್ತಿನಲ್ಲಿ ಬಿಂದು ನಿಲುವು ಅಕ್ಷವನ್ನು ಸುಮಾರು 3ರ ದೂರದಲ್ಲಿ ಮುಟ್ಟುತ್ತದೆ. ಅಲ್ಲೇ ಎರಡನೇ ಮೋಡ್‌ಗೆ ಬದಲಿಸಿ. ಇನ್ನೊಂದು ಕಾಲು ಸುತ್ತಿನಲ್ಲಿ ಮತ್ತೆ ಮೂರು ಪಟ್ಟು. ಒಂದು ಪೂರ್ತಿ ಸುತ್ತಿಗೆ 0.2 ಸೆಕೆಂಡು. ಅಷ್ಟರಲ್ಲಿ ದೂರ ಸುಮಾರು 82 ಪಟ್ಟು ಬೆಳೆದಿರುತ್ತದೆ. ಪ್ರತಿ ಮೋಡ್ ತನ್ನ ಅತಿ ದೂರದ ತುದಿ ತಲುಪಿದಾಗಲೇ ನಾವು ಕೈ ಬದಲಿಸುತ್ತಿದ್ದೇವೆ, ಇಳಿಯಲು ಬಿಡುತ್ತಲೇ ಇಲ್ಲ.

ಪರಿಹಾರವೂ ಅಲ್ಲೇ ಇದೆ: ಇಳಿಯಲು ಸಮಯ ಕೊಡಿ. ಪ್ರತಿ ಮೋಡ್‌ಗೂ ಒಂದು ಲ್ಯಾಪುನೋವ್ ಅಳತೆ ಇದೆ, ಶಕ್ತಿಯ ಥರ ಅಂದುಕೊಳ್ಳಿ. ಮೊದಲನೆಯದಕ್ಕೆ ಮೊದಲ ಸ್ಥಿತಿಯ ವರ್ಗದ 10ರಷ್ಟು, ಅದಕ್ಕೆ ಎರಡನೆಯದರ ವರ್ಗ ಕೂಡಿಸಿ. ಎರಡನೆಯದಕ್ಕೆ ಇದರ ತಿರುವು ಮುರುವು. ಎರಡೂ ಸೆಕೆಂಡಿಗೆ 2ರ ದರದಲ್ಲಿ ಕರಗುತ್ತವೆ. ಮೋಡ್ ಬದಲಾದಾಗ ಅಳತೆ ಹೆಚ್ಚೆಂದರೆ 10 ಪಟ್ಟು ಜಿಗಿಯಬಹುದು. ಹಾಗಾಗಿ 10ರ ನ್ಯಾಚುರಲ್ ಲಾಗ್ 2.303, ಭಾಗಿಸು 2, ಅಂದರೆ 1.15 ಸೆಕೆಂಡು. ಪ್ರತಿ ಮೋಡ್‌ನಲ್ಲಿ ಅದಕ್ಕಿಂತ ಜಾಸ್ತಿ ನಿಂತರೆ ಸ್ಥಿರತೆ ಖಚಿತ. ಪ್ರತಿ ಸಲವೂ ಅಷ್ಟು ನಿಲ್ಲಬೇಕಿಲ್ಲ, ಸರಾಸರಿ ಅಷ್ಟಿದ್ದರೆ ಸಾಕು ಅಂತ ಹೆಸ್ಪಾನ್ಹ ಮತ್ತು ಮೋರ್ಸ್ 1999ರಲ್ಲಿ ತೋರಿಸಿದರು.

ತಡ ಇದ್ದಾಗ ಒಂದು ಸೇರ್ಪಡೆ. ಕಾಲುವೆ ಮೋಡ್ ಬದಲಿಸಿದ್ದು ಕಂಟ್ರೋಲರ್‌ಗೆ ತಡವಾಗಿ ಗೊತ್ತಾಗುತ್ತದೆ. ನಡುವೆ ಸ್ವಲ್ಪ ಹೊತ್ತು ಹಳೆಯ ಗೇನ್ ಹೊಸ ಕಾಲುವೆಯನ್ನು ನಡೆಸುತ್ತಿರುತ್ತದೆ, ಆಗ ಅಳತೆ ಏರಬಹುದು. ಸೂತ್ರ ಹೀಗಾಗುತ್ತದೆ: ಇಳಿಯುವ ದರ ಮತ್ತು ಏರುವ ದರ ಕೂಡಿಸಿ, ಹೊಂದಾಣಿಕೆ ತಪ್ಪಿದ ಹೊತ್ತಿನಿಂದ ಗುಣಿಸಿ, ಜಿಗಿತದ ಲಾಗ್ ಸೇರಿಸಿ, ಎಲ್ಲವನ್ನೂ ಇಳಿಯುವ ದರದಿಂದ ಭಾಗಿಸಿ. ಉದಾಹರಣೆಗೆ ಜಿಗಿತ 1.5 ಪಟ್ಟು, ಇಳಿತ ಗಂಟೆಗೆ 1, ಏರಿಕೆ ಗಂಟೆಗೆ 0.5, ಹೊಂದಾಣಿಕೆ ತಪ್ಪುವ ಹೊತ್ತು ಕಾಲು ಗಂಟೆ ಅಂತ ಇಟ್ಟರೆ 0.78 ಗಂಟೆ, ಅಂದರೆ ಸುಮಾರು 47 ನಿಮಿಷ ಬರುತ್ತದೆ. ಪಿಎಲ್‌ಸಿಯಲ್ಲಿ ಇದು ಒಂದು ಟೈಮರ್ ಅಷ್ಟೇ: ಒಮ್ಮೆ ಮೋಡ್ ಬದಲಿಸಿದರೆ 47 ನಿಮಿಷ ಬೀಗ. ಜೊತೆಗೆ ಮೋಡ್ ಬದಲಿಸುವ ಹರಿವಿಗೆ ಎರಡು ಗಡಿ ಇಡಿ, ಏರುವಾಗ ಒಂದು, ಇಳಿಯುವಾಗ ಅದಕ್ಕಿಂತ ಕೆಳಗೆ ಇನ್ನೊಂದು.

ಹಂತ 9: ಕಂಪ್ಯೂಟರಿನಿಂದ ಪ್ರಮಾಣ ತೆಗೆಸಿ

ಇಂಟೆಗ್ರಲ್ ಇರುವ ಕಾಲುವೆಗೆ ಕೈಲೆಕ್ಕ ಕಷ್ಟ. ಇಲ್ಲಿ ರಷ್ಯನ್ ಗಣಿತಜ್ಞ ಕ್ರಾಸೊವ್‌ಸ್ಕಿಯ ದಾರಿ ಬೇಕು. ತಡ ಇರುವ ಸಿಸ್ಟಮ್‌ನ ಶಕ್ತಿ ಈ ಕ್ಷಣದ ಮಟ್ಟದಲ್ಲಿ ಮಾತ್ರ ಇಲ್ಲ, ದಾರಿಯಲ್ಲಿರುವ ನೀರಿನಲ್ಲೂ ಇದೆ. ಅದಕ್ಕೆ ಮೂರು ಪಾಲು ಕೂಡಿಸುತ್ತೇವೆ: ಈಗಿನ ಸ್ಥಿತಿಗೆ ಪಿ, ಕಳೆದ ತಡದಷ್ಟು ಹೊತ್ತಿನ ನೆನಪಿಗೆ ಕ್ಯೂ, ಆ ಹೊತ್ತಿನ ಏರಿಳಿತದ ವೇಗಕ್ಕೆ ಆರ್. ಮೊತ್ತ ಸದಾ ಇಳಿಯಬೇಕು ಅನ್ನುವ ಷರತ್ತು ಎಲ್‌ಎಂಐ (ಲೀನಿಯರ್ ಮ್ಯಾಟ್ರಿಕ್ಸ್ ಇನ್‌ಈಕ್ವಾಲಿಟಿ, ಕಂಪ್ಯೂಟರು ಬಿಡಿಸಬಲ್ಲ ಮ್ಯಾಟ್ರಿಕ್ಸ್ ಅಸಮಾನತೆ) ಆಗುತ್ತದೆ. ಮ್ಯಾಟ್‌ಲ್ಯಾಬ್‌ನಲ್ಲಿ ಯಾಲ್ಮಿಪ್, ಪೈಥಾನ್‌ನಲ್ಲಿ ಸಿವಿಎಕ್ಸ್‌ಪೈ ಇದನ್ನು ಬಿಡಿಸುತ್ತವೆ. ಹರವಿನ ಎರಡು ತುದಿ, 4000 ಮತ್ತು 6000, ಎರಡಕ್ಕೂ ಷರತ್ತು ಬರೆದು ಒಂದೇ ಪಿ ಮತ್ತು ಆರ್ ಹುಡುಕಿಸಿ. ತಡ ಬೇಗ ಬೇಗ ಬದಲಾಗುತ್ತದೆ ಅಂತಿದ್ದರೆ ಕ್ಯೂ ಬಿಟ್ಟುಬಿಡಿ. ಕ್ಯೂ ಇಲ್ಲದೆಯೂ ಉತ್ತರ ಸಿಕ್ಕರೆ ಸ್ವಿಚಿಂಗ್ ಹೇಗೇ ಇರಲಿ ಸ್ಥಿರತೆ ಖಚಿತ, ಟೈಮರ್ ಕೂಡ ಬೇಡ. ಸಿಗದಿದ್ದರೆ ಮೋಡ್‌ಗೆ ಒಂದೊಂದು ಪಿ, ಆರ್ ಕೊಟ್ಟು ಹಂತ 8ರ ಟೈಮರ್‌ಗೆ ಬನ್ನಿ.

ಎರಡು ಎಚ್ಚರಿಕೆ. ಸಮಯವನ್ನು ಸೆಕೆಂಡಿನಲ್ಲಿ ಇಟ್ಟರೆ 0.00055ರಂಥ ಅಂಕಿ ಬಂದು ಸಾಲ್ವರ್ ತಡವರಿಸುತ್ತದೆ. 900 ಸೆಕೆಂಡನ್ನೇ ಒಂದು ಘಟಕ ಮಾಡಿಕೊಳ್ಳಿ. ಆಗ ತಡ 1, ಇಂಟೆಗ್ರಲ್ ಸಮಯ 8, ತಡದಂಕ 0.495 ಮತ್ತು 0.33.

ಎರಡನೆಯದು, ನಿಮ್ಮ ಪ್ರೋಗ್ರಾಂ ಸರಿ ಇದೆಯಾ ಅಂತ ಮೊದಲು ಉತ್ತರ ಗೊತ್ತಿರುವ ಲೆಕ್ಕದ ಮೇಲೆ ನೋಡಿ. ಒಂದೇ ಸ್ಥಿತಿ, ಇಂಟೆಗ್ರಲ್ ಇಲ್ಲ, ಗೇನ್ ಭಾಗಿಸು ಹರವು 1. ಪಿ, ಆರ್ ಎರಡೂ 1 ಆದಾಗ ಅಡ್ಡ ಪದಗಳು ಕಳಚಿ ಹೋಗುತ್ತವೆ. ಉಳಿಯುವುದು ಎರಡು ಷರತ್ತು: ಕ್ಯೂ 1ಕ್ಕಿಂತ ಕಡಿಮೆ, ತಡದ ವರ್ಗ 1 ಕೂಡಿಸು ಕ್ಯೂಗಿಂತ ಕಡಿಮೆ. ಹಾಗಾಗಿ ಪ್ರೋಗ್ರಾಂ 1.414ರ ತನಕ ತಡ ಒಪ್ಪಬೇಕು, ಕ್ಯೂ ತೆಗೆದರೆ 1ರ ತನಕ. ಬೇರೆ ಅಂಕಿ ಬಂದರೆ ಎಲ್ಲೋ ತಪ್ಪಿದೆ. ನಿಜವಾದ ಗಡಿಗಳು 1.571 ಮತ್ತು 1.5 ಅಂತ ನಮಗೆ ಗೊತ್ತು. ಅಂದರೆ ಎಲ್‌ಎಂಐ ಬೇಕಾದ್ದಕ್ಕಿಂತ ಜಾಸ್ತಿ ಹೆದರುತ್ತದೆ. ಅದು ಆಗಲ್ಲ ಅಂದರೆ ಕಾಲುವೆ ಅಸ್ಥಿರ ಅಂತ ಅರ್ಥ ಅಲ್ಲ.

ಹಂತ 10: ಸಿಮ್ಯುಲೇಷನ್

10 ಸೆಕೆಂಡಿನ ಹೆಜ್ಜೆ ಇಡಿ. ಗೇಟಿನ ಹರಿವನ್ನು 90 ಮನೆಯ ಸಾಲಿನಲ್ಲಿ ತುಂಬುತ್ತ ಹೋಗಿ, ತಡದಷ್ಟು ಹಿಂದಿನ ಮನೆಯಿಂದ ಓದಿ. ಮೋಡ್ ಬದಲಾದರೆ ಓದುವ ಮನೆ ಬದಲಿಸಿ. ಮೊದಲು ಬರೀ ಗೇನ್ 9, ಹರವು 4000, ತಡ 900 ಓಡಿಸಿ: ತೂಗಾಟ ಬೆಳೆಯಲೇಬೇಕು. ಬೆಳೆಯದಿದ್ದರೆ ಸಿಮ್ಯುಲೇಷನ್ ತಪ್ಪು. ಆಮೇಲೆ 2.2 ಹಾಕಿ, ಇಂಟೆಗ್ರಲ್ ಸೇರಿಸಿ, ಮೋಡ್ ಬದಲಾವಣೆಯನ್ನು ತಡದ ಒಂದು, ಎರಡು, ನಾಲ್ಕರಷ್ಟು ಅಂತರದಲ್ಲಿ ಬೇಕಂತಲೇ ಕೊಟ್ಟು ನೋಡಿ. ಸುಮ್ನೆ ಯಾದೃಚ್ಛಿಕ ಬದಲಾವಣೆ ಕೊಟ್ಟರೆ ಕೆಟ್ಟ ಲಯ ತಪ್ಪಿಸಿಕೊಳ್ಳುತ್ತದೆ.

ಹಂತ 11: ಕಾಲುವೆಯ ಮೇಲೆ

ಗೇನ್ 1.1ರಿಂದ, ಅಂದರೆ ಅರ್ಧದಿಂದ, ಶುರು ಮಾಡಿ. ಒಂದು ಸೆಂಟಿಮೀಟರಿನೊಳಗಿನ ತಪ್ಪಿಗೆ ಗೇಟು ಅಲುಗದಿರಲಿ, ಮೋಟರು ಉಳಿಯುತ್ತದೆ. ಎರಡೂ ಮೋಡ್ ನೋಡಿದ ಮೇಲೆ 2.2ಕ್ಕೆ ಏರಿಸಿ.

ಆಮೇಲೆ ವಾರಕ್ಕೊಮ್ಮೆ ಮಟ್ಟದ ಗ್ರಾಫು ತೆಗೆದು ಏರಿಳಿತದ ನಡುವಿನ ಹೊತ್ತು ಅಳೆಯಿರಿ. ತಡದ ನಾಲ್ಕರ ಹತ್ತಿರ ಬಂದರೆ, ನಮ್ಮಲ್ಲಿ ಗಂಟೆಗೊಂದು ತೂಗಾಟ ಕಂಡರೆ, ತಡದಂಕ ಅಂಚಿಗೆ ಬಂದಿದೆ: ಗೇನ್ ಅರ್ಧ ಮಾಡಿ, ಹೂಳು ನೋಡಿ, ತಡ ಮತ್ತೆ ಅಳೆಯಿರಿ. ಅದಕ್ಕಿಂತ ತುಂಬಾ ಉದ್ದ, ಮೂರು ನಾಲ್ಕು ಗಂಟೆ ಆದರೆ ಇಂಟೆಗ್ರಲ್ ಮೇಲೆ ಅನುಮಾನ ಪಡಿ. ಬರೀ ಕೆಲವು ನಿಮಿಷದ್ದಾದರೆ ಅದು ಹಿನ್ನೀರಿನಲ್ಲಿ ಅಲೆ ಅತ್ತಿತ್ತ ಬಡಿಯುತ್ತಿರುವುದು. ಆಗ ಗೇನ್ ಮುಟ್ಟಬೇಡಿ, ಸೆನ್ಸರ್‌ನ ಓದಿಗೆ ಫಿಲ್ಟರ್ ಹಾಕಿ. ಫಿಲ್ಟರ್‌ನಿಂದಾಗುವ ತಡವನ್ನು 900ಕ್ಕೆ ಸೇರಿಸಿ, ಹಂತ 4ರ ಗುಣಾಕಾರವನ್ನು ಇನ್ನೊಂದು ಸಲ ಮಾಡಿ.